ತುರ್ತು: ಕಿಡಿ ‘ಹಿಂದೆ’ ಹಾಕಿ ಅಂದರೆ ಬೇಗವೋ ತಡವೋ?

ಎಲ್ಲರಿಗೂ ನಮಸ್ಕಾರ. ಎಂಜಿನ್ ಟ್ಯೂನಿಂಗ್ ಪಾಠದ ಹಾಳೆಗೆ ಶನಿವಾರ ಸಂಜೆ ಐದರೊಳಗೆ ನನಗೆ ಕೆಲವು ಕನ್ನಡ ಪದ ಬೇಕು. ಆಮೇಲೆ ಪ್ರಿಂಟ್ ಅಂಗಡಿ ಮುಚ್ಚುತ್ತದೆ. ಭಾನುವಾರ ಬೆಳಗ್ಗೆ ಹಾಳೆಗಳು ಹುಡುಗರ ಕೈಯಲ್ಲಿರಬೇಕು.

ವಿಲ್ಸನ್ ಗಾರ್ಡನ್‌ನಲ್ಲಿ ನಮ್ಮ ಭಾವನ ಗ್ಯಾರೇಜಿದೆ. ಅಲ್ಲಿ ಒಂದು ಹಳೇ ಮಾರುತಿ 800ರ ಕಾರ್ಬ್ಯುರೇಟರ್ ಬಿಚ್ಚಿ ಫ್ಯುಯೆಲ್ ಇಂಜೆಕ್ಷನ್ ಕೂರಿಸಿದ್ದೇವೆ. ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯು ಕೂಡ ನಾವೇ ಬೆಸುಗೆ ಹಾಕಿ ಮಾಡಿದ್ದು. ಸ್ಪೀಡುಯಿನೊ ಅನ್ನುವ ಓಪನ್ ಸೋರ್ಸ್ ವಿನ್ಯಾಸ, ಅದರ ಒಳಗೆ ಆರ್ಡುಯಿನೊ ಮೆಗಾ ಅನ್ನುವ ಒಂದು ಸರ್ಕ್ಯೂಟ್ ಬೋರ್ಡು. ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಅನ್ನುವ ಕೋಷ್ಟಕಗಳನ್ನು ಒಂದೊಂದೇ ಮನೆ ತಿದ್ದುತ್ತಾ ಹೋಗಬೇಕು. ಭಾನುವಾರ ಇದನ್ನು ಹನ್ನೆರಡು ಹುಡುಗರಿಗೆ ಕಲಿಸುತ್ತಿದ್ದೇವೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬೈಕು, ಸ್ಕೂಟರುಗಳೂ ಇಂಜೆಕ್ಷನ್‌ಗೆ ತಿರುಗಿದವು. ಸ್ಕ್ರೂಡ್ರೈವರ್‌ನಲ್ಲಿ ಮೈಲೇಜ್ ಸೆಟ್ಟಿಂಗ್ ಮಾಡಿಕೊಂಡಿದ್ದ ಹುಡುಗರಿಗೆ ಇದು ಹೊಟ್ಟೆಪಾಡಿನ ವಿಷಯ. ಅವರಲ್ಲಿ ಎಂಟು ಜನ ಸಲೀಸಾಗಿ ಓದುವುದು ಕನ್ನಡ ಮಾತ್ರ.

ನಾನು ಬರೆದ ಕರಡಿನಲ್ಲಿ ‘ಎಂಜಿನ್ ಬಡಿದರೆ ಕಿಡಿಯನ್ನು 4 ಡಿಗ್ರಿ ಹಿಂದೆ ಹಾಕಿ’ ಅಂತ ಒಂದು ಸಾಲಿತ್ತು. ಮೊನ್ನೆ ಡೈರಿ ಸರ್ಕಲ್ ಫ್ಲೈಓವರ್ ಏರುವಾಗ ಭಾವ ಓಡಿಸುತ್ತಿದ್ದರು. ಪಕ್ಕದಲ್ಲಿ ಹುಡುಗ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವ ಬಡಿತ ಶುರುವಾಯಿತು. ಹಾಳೆ ನೋಡಿ 24 ಇದ್ದದ್ದನ್ನು 28 ಮಾಡಿದ. ಪಿಸ್ಟನ್ ಮೇಲೆ ಮುಟ್ಟಲು ಎಷ್ಟು ಡಿಗ್ರಿ ಇರುವಾಗ ಕಿಡಿ ಹಾರಬೇಕು ಅನ್ನುವ ಅಂಕಿ ಅದು, ಏರಿಸಿದರೆ ಕಿಡಿ ಇನ್ನೂ ಬೇಗ. ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು! ಭಾವ ತಕ್ಷಣ ಕಾಲು ತೆಗೆದರು, ಪಿಸ್ಟನ್ ಉಳಿಯಿತು. ಹುಡುಗನನ್ನು ಕೇಳಿದರೆ, ‘ಅಕ್ಕ, ಎರಡು ದಿನ ಹಿಂದೆ ಅಂದ್ರೆ ಮೊದಲೇ ಆಗಿದ್ದು ಅಲ್ವಾ? ಹಿಂದೆ ಹಾಕು ಅಂದ್ರೆ ಇನ್ನೂ ಮೊದಲೇ ಬರಲಿ ಅಂತ ತಾನೇ?’ ಅಂದ. ಅವನು ಹೇಳಿದ್ದು ಸರಿ. ತಪ್ಪು ನನ್ನ ವಾಕ್ಯದ್ದು. ‘ಮುಂದೆ ಹಾಕಿ’ ಅಂದರೂ ಅದೇ ಗತಿ. ಮದುವೆ ಮುಂದೆ ಹಾಕಿದರು ಅಂದರೆ ತಡ ಮಾಡಿದರು ಅಂತ. ಆದರೆ ಮೆಕ್ಯಾನಿಕ್ ‘ಟೈಮಿಂಗ್ ಮುಂದಿದೆ’ ಅಂದರೆ ಕಿಡಿ ಬೇಗ ಬರುತ್ತಿದೆ ಅಂತ.

ಕಿಡಿ ಬೇಗ ಬರುವ ಅಡ್ವಾನ್ಸ್, ತಡವಾಗಿ ಬರುವ ರಿಟಾರ್ಡ್, ಇವಕ್ಕೆ ಎರಡರ್ಥ ಬಾರದ ಪದ ಬೇಕು. ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದ ರಿಚ್, ಕಡಿಮೆಯಾದ ಲೀನ್, ಟ್ಯೂನಿಂಗ್, ಇವಕ್ಕೂ ಏನಾದರೂ ಹೊಳೆದರೆ ಹೇಳಿ. ಕಂಪ್ಯೂಟರ್ ಅನುವಾದ ‘ಇಂಧನ ಚುಚ್ಚುಮದ್ದು’, ‘ಶ್ರೀಮಂತ ಮಿಶ್ರಣ’ ಅಂತ ಕೊಟ್ಟಿದೆ, ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ.

ಮರು: (ಗುರುವಾರ ರಾತ್ರಿ 10:15)

ಇದರಲ್ಲಿ ಚರ್ಚೆ ಏನಿದೆ ಮೇಡಂ? ಅಡ್ವಾನ್ಸ್ ಮುಂಗಡ. ರಿಟಾರ್ಡ್ ವಿಲಂಬ. ಇಂಜೆಕ್ಟರ್ ಅಂತಃಕ್ಷೇಪಕ. ರಿಚ್ ಸಮೃದ್ಧ, ಲೀನ್ ಕ್ಷೀಣ. ತಾಂತ್ರಿಕ ಪದಕ್ಕೆ ಸಂಸ್ಕೃತವೇ ಸರಿ, ಬೀದರಿನಿಂದ ಚಾಮರಾಜನಗರದ ತನಕ ಒಂದೇ ಅರ್ಥ ಕೊಡುತ್ತದೆ. ಹುಡುಗರು ಕಲಿಯಲಿ.

ಮರು: (ಗುರುವಾರ ರಾತ್ರಿ 11:50)

ಮುಂಗಡ ಖಂಡಿತ ಬೇಡ. ಬೆಂಗಳೂರಿನಲ್ಲಿ ಮುಂಗಡ ಅಂದರೆ ಮನೆ ಮಾಲೀಕರ ಕೈಗೆ ಕೊಡುವ ಹತ್ತು ತಿಂಗಳ ಬಾಡಿಗೆ. ‘ಮುಂಗಡ 12’ ಅಂತ ಬರೆದರೆ ಹುಡುಗ ಜೇಬು ಮುಟ್ಟಿಕೊಳ್ಳುತ್ತಾನೆ.

ನಮ್ಮಲ್ಲೇ ಒಂದು ಅದ್ಭುತ ಮಾತಿದೆ, ಯಾರೂ ಗಮನಿಸಿಲ್ಲ. ಸೌದೆ ಹೊತ್ತಿತು. ಹೊತ್ತು ಮುಳುಗಿತು. ಹೊತ್ತಿಗೆ ಸರಿಯಾಗಿ ಬಂದ. ಬೆಂಕಿ ಹತ್ತುವುದಕ್ಕೂ ಹೊತ್ತು, ಸೂರ್ಯನಿಗೂ ಹೊತ್ತು, ವೇಳೆಗೂ ಹೊತ್ತು! ಸೂರ್ಯನೇ ಮೊದಲ ಬೆಂಕಿ, ಅವನೇ ಮೊದಲ ಗಡಿಯಾರ, ಹಾಗಾಗಿ ಮೂರೂ ಒಂದೇ ಬೇರಿನವು ಅಂತ ನಾನು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಇಗ್ನಿಷನ್ ಟೈಮಿಂಗ್ ಅಂದರೆ ಏನು, ಹೊತ್ತುವ ಹೊತ್ತು ತಾನೇ? ‘ಕಿಡಿಹೊತ್ತು’ ಅನ್ನಿ. ಇಗ್ನಿಷನ್ ಅನ್ನುವುದೇ ನಮ್ಮ ಅಗ್ನಿಯ ದಾಯಾದಿ, ಲ್ಯಾಟಿನ್‌ನ ಇಗ್ನಿಸ್‌ನಿಂದ ಬಂದದ್ದು. ಅಗ್ನಿಯನ್ನು ಅಗ್ಗಿಷ್ಟಿಕೆ ಮಾಡಿಕೊಂಡು ಅಡುಗೆಮನೆಗೆ ತಂದವರು ನಾವು.

ಇನ್ನು ಅಡ್ವಾನ್ಸ್, ರಿಟಾರ್ಡ್‌ಗೆ ‘ಮುಂಗಿಡಿ’, ‘ಹಿಂಗಿಡಿ’. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲೆ ಬರುವುದು. ಮುಂಜಾನೆಯೂ ಹಾಗೇ. ‘ಮುಂದೆ’ ಅನ್ನುವುದು ಎರಡು ಕಡೆಗೂ ಎಳೆಯುತ್ತದೆ, ಆದರೆ ಹೀಗೆ ವೇಳೆ ಹೇಳುವ ಹೆಸರಿಗೆ ಅಂಟಿದ ‘ಮುನ್’ ಸಾಮಾನ್ಯವಾಗಿ ಮೊದಲು ಅಂತಲೇ ಹೇಳುತ್ತದೆ.

ಮರು: (ಶುಕ್ರವಾರ ಬೆಳಗ್ಗೆ 6:30)

ಹಳಗನ್ನಡದಲ್ಲಿ ವೇಳೆ, ಸೂರ್ಯ ‘ಪೊೞ್ತು’. ಬೆಂಕಿ ಹತ್ತುವುದು ‘ಪೊತ್ತು’. ೞ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪ ತಾಳಿದವು. ಬೇರು ಒಂದಲ್ಲ. ಇಪ್ಪತ್ತು ವರ್ಷ ಹೇಳಿದರೂ ಆಗುವುದಿಲ್ಲ.

ಬೇರು ಬೇಕಿದ್ದರೆ ‘ಇಂಧನ’ ನೋಡಿ. ಸಂಸ್ಕೃತದಲ್ಲಿ ಇಂಧ್ ಅಂದರೆ ಉರಿಸು. ಪೆಟ್ರೋಲಿಗೆ ನಾವು ಇಟ್ಟುಕೊಂಡ ಹೆಸರಿನಲ್ಲೇ ಇಗ್ನಿಷನ್ ಇದೆ. ಕನ್ನಡದ ‘ಉರುವಲು’ ಕೂಡ ಹಾಗೇ, ಉರಿಯಿಂದ ಬಂದದ್ದು.

ಮುಂಗಿಡಿ ಸರಿಯಾದ ಪದ, ಒಪ್ಪುತ್ತೇನೆ. ಆದರೆ ನಾಳೆ ಯಾರಾದರೂ ಅದೇ ಉತ್ಸಾಹದಲ್ಲಿ ‘ಇಂಧನಚಿಮ್ಮುಕ’ ಅಂತ ಬರೆದರೆ ಅದು ಅರಿಸಮಾಸ. ‘ಚಿಮ್ಮುಕ’ ಸಾಕು.

ಮರು: (ಶುಕ್ರವಾರ ಮಧ್ಯಾಹ್ನ 1:05)

ಅರಿಸಮಾಸಕ್ಕೆ ಹೆದರುವವರು ‘ಮಳೆಗಾಲ’ ಬಿಡಬೇಕಾಗುತ್ತದೆ. ಮಳೆ ನಮ್ಮದು, ಕಾಲ ಸಂಸ್ಕೃತದ್ದು. ಯಾರಾದರೂ ಬಿಟ್ಟಿದ್ದಾರಾ?

ನಮ್ಮಪ್ಪ ಆಡುಗೋಡಿಯ ಮೈಕೋದಲ್ಲಿದ್ದರು. 1951ರಲ್ಲಿ ಶುರುವಾದ ಕಂಪನಿ, ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ನಾಝಲ್, ಪ್ಲಂಜರ್ ಅಂತಲೇ ಮಾತು. ನಮ್ಮಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಅವರಿಗೂ ಅರ್ಥವಾಗುತ್ತಿತ್ತು. ಇವನ್ನು ಕನ್ನಡ ಅಲ್ಲ ಅನ್ನುವುದು ಹೇಗೆ? ‘ಪೆಟ್ರೋಲ್ ಬಂಕ್’ ಅಂತ ನಾವು ಅನ್ನುತ್ತೇವೆ, ಎರಡೂ ಹೊರಗಿನ ಪದ, ಆದರೂ ಅದು ನಮ್ಮ ಮಾತು. ಇಂಜೆಕ್ಟರ್ ಹಾಗೇ ಇರಲಿ. ಟೈಮಿಂಗ್ ಹಾಗೇ ಇರಲಿ. ಹುಡುಗ ಬಿಡಿಭಾಗದ ಅಂಗಡಿಗೆ ಹೋಗಿ ಚಿಮ್ಮುಕ ಕೊಡಿ ಅಂದರೆ ಜೆ.ಸಿ. ರಸ್ತೆಯಲ್ಲಿ ಯಾರೂ ಕೊಡುವುದಿಲ್ಲ.

ಮರು: (ಶುಕ್ರವಾರ ಮಧ್ಯಾಹ್ನ 1:40)

ಹಾಗಾದರೆ ಪೂರ್ತಿ ಇಂಗ್ಲಿಷಿನಲ್ಲೇ ಪ್ರಿಂಟ್ ಮಾಡಿ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಕಾನೂನು ಬಂತು, ಎಲ್ಲರೂ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಂಡರು. ಲಿಪಿ ಉಳಿದರೆ ನುಡಿ ಉಳಿಯಿತಾ? ನಾನು ಸಂಸ್ಕೃತ ಅಂದಿದ್ದು ಅದಕ್ಕೇ.

ಮರು: (ಶುಕ್ರವಾರ ಸಂಜೆ 4:20)

ಸಂಸ್ಕೃತ ಮಾತ್ರ ಹೊರಗಿನದಲ್ಲವೋ?

ಮರು: (ಶನಿವಾರ ಮಧ್ಯಾಹ್ನ 2:30)

ಎಲ್ಲರಿಗೂ ಧನ್ಯವಾದ. ಎರವಲು ಪದದ ಜಗಳ ಬೇರೆ ಎಳೆಯಲ್ಲಿ ಮುಂದುವರಿಸಿ ದಯವಿಟ್ಟು, ನನಗೆ ಎರಡೂವರೆ ಗಂಟೆ ಉಳಿದಿದೆ.

ನಿನ್ನೆ ಸಂಜೆ ನಿಮ್ಮ ಪದಗಳನ್ನು ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿದೆ. ಸಾಫ್ಟ್‌ವೇರಿನಲ್ಲಿ ಕಿಡಿಯನ್ನು 10 ಡಿಗ್ರಿಗೆ ಲಾಕ್ ಮಾಡಿ, ಎಂಜಿನ್ ಜೊತೆ ತಿರುಗುವ ಪುಲ್ಲಿಗೆ, ಕಿಡಿಯ ಜೊತೆ ಮಿಣುಕುವ ಟೈಮಿಂಗ್ ಲೈಟ್ ಹಿಡಿದೆವು. ಸೀಮೆಸುಣ್ಣ ಬಳಿದ ಗೆರೆ ಆ ಮಿಣುಕು ಬೆಳಕಿನಲ್ಲಿ ನಿಂತ ಹಾಗೆ ಕಾಣುತ್ತದೆ. ಕಂಪ್ಯೂಟರ್ 10 ಅಂದರೆ ಗೆರೆಯೂ 10ರ ಮೇಲೇ ನಿಲ್ಲಬೇಕು. ನಿಂತ ಮೇಲೆ ಲಾಕ್ ಮಾಡಿದ ಅಂಕಿಯನ್ನು 10ರಿಂದ 14 ಮಾಡಿ, ಗೆರೆ ಸರಿಯುವುದನ್ನು ತೋರಿಸಿ, ಇದಕ್ಕೆ ಏನನ್ನುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದೆ. ‘ಮುಂಗಿಡಿ’ ಅಂದಾಗ ಚನ್ನರಾಯಪಟ್ಟಣದ ಹುಡುಗನಿಗೆ ತಟ್ಟನೆ ಹೊಳೆಯಿತು, ಮುಂಗಾರು ಅಂದ. ಬೆಂಗಳೂರಿನಲ್ಲೇ ಹುಟ್ಟಿದ ಇಬ್ಬರಿಗೆ ಮುಂಗಾರು, ಹಿಂಗಾರು ಎರಡೂ ಬರೀ ಮಳೆ. ಅವರು ಯೋಚಿಸಬೇಕಾಯಿತು. ಫ್ಲೈಓವರ್ ಏರುವಾಗ ಯೋಚಿಸಲು ಸಮಯ ಇರುವುದಿಲ್ಲ.

ಕೊನೆಗೆ ಮೊನ್ನೆ 24ನ್ನು 28 ಮಾಡಿದ್ದ ಹುಡುಗನೇ ಒಂದು ಮಾತು ಹೇಳಿದ. ‘ಕಿಡಿ ಬೇಗ, ಕಿಡಿ ತಡ ಅಂದ್ರೆ ಆಗಲ್ವಾ ಅಕ್ಕ?’ ಆಗುತ್ತದೆ. ಇದಕ್ಕೆ ಹಿಂದು ಮುಂದು ಇಲ್ಲ. ಹಾಳೆಯಲ್ಲಿ ಈಗ ಹೀಗಿದೆ: ‘ಎಂಜಿನ್ ಬಡಿದರೆ ಕಿಡಿ ತಡ ಮಾಡಿ, ಅಂದರೆ ಅಂಕಿ ಇಳಿಸಿ: 24 ಇದ್ದರೆ 20.’ ಪದದ ಜೊತೆ ಅಂಕಿಯೂ ಇರಲಿ ಅನ್ನುವುದು ಭಾವನ ಹಠ. ಬೇಗ ಯಾಕೆ ಬೇಕು ಅನ್ನುವುದನ್ನೂ ಎರಡು ಸಾಲಿನಲ್ಲಿ ಸೇರಿಸಿದ್ದೇನೆ. 3000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಅಂದರೆ 1 ಮಿಲಿಸೆಕೆಂಡಿಗೆ 18 ಡಿಗ್ರಿ. ಕಿಡಿ ಹಾರಿದ ಮೇಲೆ ಉರಿ ಹರಡಲು ಹೊತ್ತು ಬೇಕು, ಪಿಸ್ಟನ್ ಕಾಯುವುದಿಲ್ಲ, ಅದಕ್ಕೇ ಮೇಲೆ ಮುಟ್ಟುವ ಮೊದಲೇ ಕಿಡಿ ಹಾರಿಸುವುದು. ‘ಮುಂಗಿಡಿ’ಯನ್ನು ಬಿಡಲು ಮನಸ್ಸು ಬರಲಿಲ್ಲ. ಅದನ್ನು ಕೋಷ್ಟಕದ ಹೆಸರಾಗಿ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದೇನೆ, ಸೂಚನೆಯ ವಾಕ್ಯಗಳಲ್ಲಿ ಬಳಸಿಲ್ಲ.

ಇಂಜೆಕ್ಟರ್ ಹಾಗೇ ಉಳಿಯಿತು. ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದು, ಮೈಕೋ ಮನೆಯವರ ಮಾತು ಸರಿ. ಆದರೆ ಅದು ಮಾಡುವ ಕೆಲಸಕ್ಕೆ ‘ಚಿಮ್ಮುತ್ತದೆ’ ಅಂತಲೇ ಬರೆದಿದ್ದೇನೆ. ರಿಚ್, ಲೀನ್‌ಗೆ ‘ಪೆಟ್ರೋಲ್ ಜಾಸ್ತಿ’, ‘ಪೆಟ್ರೋಲ್ ಕಮ್ಮಿ’. ಇಲ್ಲೂ ಅಂಕಿಯ ಕಾಟ ಇದೆ. 14.7 ಅಂದರೆ 1 ತೂಕ ಪೆಟ್ರೋಲಿಗೆ 14.7 ತೂಕ ಗಾಳಿ, ಹಾಗಾಗಿ ಅಂಕಿ ಏರಿದರೆ ಪೆಟ್ರೋಲ್ ಕಮ್ಮಿಯಾಯಿತು ಅಂತ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಆ ಅಂಕಿಯೇ ಸುಮಾರು 13.5ಕ್ಕೆ ಇಳಿಯುತ್ತದೆ. ಇದನ್ನು ಪದದಿಂದ ಸರಿಮಾಡಲು ಆಗುವುದಿಲ್ಲ, ಬೋರ್ಡಿನ ಮೇಲೆ ಬರೆದು ಹೇಳಿಕೊಡುತ್ತೇನೆ. ‘ಒತ್ತಡ’ಕ್ಕೆ ಯಾರ ತಕರಾರೂ ಇಲ್ಲ. ಎಂಜಿನ್ ಆಫ್ ಇದ್ದಾಗ ಪರದೆಯಲ್ಲಿ ಗಾಳಿಯ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸುತ್ತದೆ. ಮಂಗಳೂರಿನಲ್ಲಾದರೆ 101, ನಾವು ಎತ್ತರದಲ್ಲಿದ್ದೇವೆ ಅಂದಾಗ ಎಲ್ಲರೂ ತಲೆಯಾಡಿಸಿದರು.

ಟ್ಯೂನಿಂಗ್‌ಗೆ ‘ಹದ’ ಅಂತ ಹಾಕಿದ್ದೇನೆ. ಇದನ್ನು ಯಾರೂ ಸೂಚಿಸಲಿಲ್ಲ, ಅಕ್ಕ ಕಾಯಿ ಹೋಳಿಗೆಗೆ ಬೆಲ್ಲದ ಪಾಕ ನೋಡುತ್ತಿದ್ದಾಗ ಹೊಳೆದದ್ದು. ಒಂದೆಳೆಯೋ ಎರಡೆಳೆಯೋ ಅಂತ ಬೆರಳಲ್ಲಿ ನೋಡಿ ಉರಿ ಇಳಿಸುತ್ತಾರಲ್ಲ, ನಮ್ಮ ಕೆಲಸವೂ ಅಷ್ಟೇ. ‘ಎಂಜಿನ್ ಹದ ಮಾಡುವುದು’ ಅಂದಾಗ ಯಾರೂ ಏನು ಅಂತ ಕೇಳಲಿಲ್ಲ.

ಒಂದು ಉಳಿದಿದೆ. ಕಿಡಿಗೆ ಮೊದಲು ಕಾಯಿಲ್‌ಗೆ 3 ಮಿಲಿಸೆಕೆಂಡ್ ಕರೆಂಟ್ ಕೊಡುತ್ತೇವಲ್ಲ, ಡ್ವೆಲ್, ಅದಕ್ಕೆ ‘ಕಾಯಿಲ್ ತುಂಬುವ ಹೊತ್ತು’ ಅಂತ ಬರೆದಿದ್ದೇನೆ. ೞ ಬಲ್ಲವರ ತಕರಾರಿದ್ದರೆ ನಾಲ್ಕೂವರೆಯೊಳಗೆ ತಿಳಿಸಿ.