ರೆಫರಲ್ ಕೇಳಿದರೆ ಮರ್ಯಾದೆ ಹೋಗುತ್ತಾ?

ಕೆಲಸ ಕಳೆದುಕೊಂಡ ತಿಪಟೂರಿನ ಓದುಗರೊಬ್ಬರು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದರು: ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಸೀನಿಯರ್‌ಗಳಿಗೆ ರೆಫರಲ್ (ಅವರ ಕಂಪನಿಯ ಕೆಲಸಕ್ಕೆ ನನ್ನ ಹೆಸರು ಸೂಚಿಸುವುದು) ಕೇಳಿ ಬರೆಯಲು ಕೂತರೆ ಬೇಡುತ್ತಿದ್ದೇನೆ ಅನಿಸುತ್ತದೆ, ಏನು ಮಾಡಲಿ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಕೆಲಸ ಇಲ್ಲದವರಿಗೆ ನಾಚಿಕೊಳ್ಳುವಷ್ಟು ಪುರುಸೊತ್ತು ಎಲ್ಲಿಂದ ಬರುತ್ತದೆ? ಕೇಳಿ.
– ಓದುಗರು, ಹುಬ್ಬಳ್ಳಿ

ಮಾತು ಒರಟು. ಆದರೂ ಮೊದಲಿಗೇ ಇಟ್ಟಿದ್ದೇವೆ. – ಸಂ.

ನಿಮ್ಮ ಪತ್ರ ಓದಿ ನಿದ್ದೆ ಬರಲಿಲ್ಲ. ನಾನೂ ಕೇಳಿದ್ದೆ. ಪಿಜಿಯಲ್ಲಿ ಒಂದೇ ರೂಮಿನಲ್ಲಿದ್ದವಳು, ನನ್ನ ತಟ್ಟೆಯಲ್ಲೇ ಕೈ ಹಾಕಿ ಉಣ್ಣುತ್ತಿದ್ದವಳು. ‘ರೆಸ್ಯೂಮ್ ಕಳಿಸು ಕಣೇ, ನೋಡ್ತೀನಿ’ ಅಂದಳು. ಆಮೇಲೆ ನನ್ನ ಮೆಸೇಜಿಗೆ ನೀಲಿ ಟಿಕ್ ಬಿಟ್ಟರೆ ಬೇರೇನೂ ಬರಲಿಲ್ಲ. ‘ಆಗಲ್ಲ’ ಅಂದಿದ್ದರೆ ಬೇರೆ ಕಡೆ ನೋಡುತ್ತಿದ್ದೆ ಅಲ್ವಾ? ಅವಳ ಮದುವೆಗೂ ಹೋದೆ. ಊಟ ಮಾಡಿದೆ, ಫೋಟೋಗೆ ನಿಂತೆ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೊನೆಗೆ ನನ್ನ ಹೆಸರು ಕೊಟ್ಟವರು ಯಾರು ಗೊತ್ತಾ? ಯಾವುದೋ ಟ್ರೈನಿಂಗ್‌ನಲ್ಲಿ ಪಕ್ಕ ಕೂತಿದ್ದವರು. ಅವರ ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ. ಈಗ ನನಗೂ ಹುಡುಗರು ಬರೆಯುತ್ತಾರೆ. ಆಗದಿದ್ದರೆ ‘ಆಗಲ್ಲಪ್ಪ’ ಅಂತ ಅವತ್ತೇ ಹೇಳಿಬಿಡುತ್ತೇನೆ. ಅವಳ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.
– ಓದುಗರು, ಮೈಸೂರು

ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದವನು ನಾನು. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು: ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಅದೇ ಕಂಡಿತು. ಮುಖಪರಿಚಯದವರಿಗೇ ಮೊದಲು ಬರೆಯಿರಿ.
– ಓದುಗರು, ಧಾರವಾಡ

ಬರೆಯುವುದು ಹೇಗೆ ಅನ್ನುವುದಕ್ಕೆ ಮುಂದಿನ ಪತ್ರ ನೋಡಿ. – ಸಂ.

ನಾನು ಎಚ್‌ಆರ್‌ನಲ್ಲಿದ್ದೇನೆ. ‘ಹಾಯ್ ಸರ್, ಓಪನಿಂಗ್ ಇದೆಯಾ’ ಅಂತ ಸುಮ್ನೆ ಕಳಿಸಬೇಡಿ. ಜಾಬ್ ಐಡಿ (ಕೆಲಸದ ಜಾಹೀರಾತಿನಲ್ಲಿರುವ ಸಂಖ್ಯೆ), ಆ ಕೆಲಸಕ್ಕೆ ನೀವು ಹೇಗೆ ಹೊಂದುತ್ತೀರಿ ಅನ್ನುವ ಎರಡು ಸಾಲು, ರೆಸ್ಯೂಮ್. ಇಷ್ಟು ಸಾಕು. ಎಷ್ಟೋ ಕಂಪನಿಗಳಲ್ಲಿ ನೀವೇ ಮೊದಲು ಅರ್ಜಿ ಹಾಕಿದ್ದರೆ ಆಮೇಲೆ ರೆಫರಲ್ ಲೆಕ್ಕಕ್ಕೆ ಬರಲ್ಲ, ಅದನ್ನು ನೋಡಿಕೊಳ್ಳಿ. ಇನ್ನೊಂದು, ನೀವು ಸೇರಿದರೆ ರೆಫರ್ ಮಾಡಿದವರಿಗೂ ಬಹಳ ಕಡೆ ಬೋನಸ್ ಸಿಗುತ್ತದೆ.
– ಓದುಗರು, ಬೆಂಗಳೂರು

ಮಗನನ್ನು ಎಂಜಿನಿಯರಿಂಗ್ ಓದಿಸಿದವರೂ ನಾವೇ, ಈಗ ಅವನ ಪರವಾಗಿ ನೆಂಟರಿಗೆ ಫೋನ್ ಮಾಡುವವರೂ ನಾವೇ. ಎತ್ತಿ ಆಡಿಸಿದ ಅಕ್ಕನ ಮಗನೇ ಫೋನ್ ಎತ್ತುತ್ತಿಲ್ಲ. ನಾವೇನು ದುಡ್ಡು ಕೇಳಿದ್ದೆವಾ?
– ಓದುಗರು, ಚನ್ನರಾಯಪಟ್ಟಣ

ಇವರ ಮಗ ಈ ಪುಟ ಓದುತ್ತಿದ್ದರೆ, ಆ ಅಣ್ಣನಿಗೆ ತಾವೇ ಒಂದು ಸಾಲು ಬರೆದು ನೋಡಬಹುದು. – ಸಂ.

ದುಡ್ಡು ಕೊಟ್ಟರೆ ರೆಫರ್ ಮಾಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.
– ಓದುಗರು, ದಾವಣಗೆರೆ