‘ಹೊಂದಾಣಿಕೆ’ ಎಂದರೆ ಸಮ ಎಂದೇ? ಕಿಸೆಯ ಆಂಪ್ಲಿಫೈಯರ್ ಮತ್ತು ಹೆಡ್‌ಫೋನ್‌ಗಳ ಕುರಿತು ಒಂದು ಪದಪ್ರಶ್ನೆ

ಮಾನ್ಯರೇ,

ಮೊಬೈಲ್ ಅಥವಾ ಮ್ಯೂಸಿಕ್ ಪ್ಲೇಯರ್‌ನಲ್ಲಿ ಹಾಡು ಕೇಳುವವರು ತಮ್ಮ ಹೆಡ್‌ಫೋನ್‌ಗೆ ತಕ್ಕ ಸಣ್ಣ ಆಂಪ್ಲಿಫೈಯರನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ಬೆಳಗಾವಿಯ ಕೆಲವು ಸಂಗೀತಾಸಕ್ತ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆ ಬರವಣಿಗೆಯಲ್ಲಿ ‘ಹೊಂದಾಣಿಕೆ’ ಎಂಬ ಒಂದೇ ಪದ ಮೂರು ಬೇರೆ ಬೇರೆ ಸಂಬಂಧಗಳನ್ನು ಹೊರಬೇಕಾಗಿ ಬಂದಿದೆ. ಅವುಗಳಲ್ಲಿ ಒಂದರ ಮಟ್ಟಿಗಂತೂ ಈ ಪದ ಓದುಗರನ್ನು ನೇರವಾಗಿ ತಪ್ಪು ದಾರಿಗೆ ಎಳೆಯುತ್ತಿದೆ ಎಂಬುದು ನನ್ನ ಅನಿಸಿಕೆ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ತೊಡಕಿನ ಮೂಲ ನಮ್ಮ ಸೌಂಡ್ ಸಿಸ್ಟಮ್ ಅಂಗಡಿಗಳ ಮಾತಿನಲ್ಲಿದೆ. ಹೆಡ್‌ಫೋನ್ ಒಯ್ದು ಕೇಳಿದರೆ, “ಇದು ಎಷ್ಟ ಓಮಿಂದು ಐತಿ ನೋಡ್ರಿ, ಅಷ್ಟ ಓಮಿನ ಆಂಪ್ಲಿ ತಗೋರಿ, ಮ್ಯಾಚ್ ಆಗತೈತಿ” ಎಂಬ ಉತ್ತರ ಸಿಗುತ್ತದೆ. ಓಮ್ ಎಂಬುದು ಇಂಪೀಡೆನ್ಸ್‌ನ, ಅಂದರೆ ವಿದ್ಯುತ್ತಿನ ಹರಿವಿಗೆ ಎದುರಾಗುವ ತಡೆಯ, ಅಳತೆ. ಈ ಮಾತು ಆಧಾರವಿಲ್ಲದ್ದಲ್ಲ. ವಾಲ್ವಿನ ಆಂಪ್ಲಿಫೈಯರ್‌ಗಳ ಕಾಲದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ 4, 8 ಮತ್ತು 16 ಓಮ್‌ಗಳ ತುದಿಗಳನ್ನು ಹೊರಗೆ ತೆಗೆದಿರುತ್ತಿದ್ದರು. 8 ಓಮಿನ ಸ್ಪೀಕರನ್ನು 8 ಎಂದು ಬರೆದ ತುದಿಗೇ ಜೋಡಿಸಬೇಕಿತ್ತು. ಗಣೇಶೋತ್ಸವದ ಮಂಟಪಗಳಿಗೆ ಹಾರ್ನ್ ಕಟ್ಟುವವರ ಕೈಯಲ್ಲಿ ಆ ರೂಢಿ ಇಂದಿಗೂ ಉಳಿದಿದೆ. ಹಳೆಯ ಟೆಲಿಫೋನ್ ತಂತಿಗಳಲ್ಲಿಯೂ ಎರಡು ತುದಿಗಳನ್ನು 600 ಓಮ್‌ಗೆ ಸಮ ಮಾಡುತ್ತಿದ್ದರು, ಏಕೆಂದರೆ ಎರಡೂ ಕಡೆಯ ಇಂಪೀಡೆನ್ಸ್ ಸಮವಾದಾಗ ಒಂದರಿಂದ ಇನ್ನೊಂದಕ್ಕೆ ಗರಿಷ್ಠ ಶಕ್ತಿ ಸಾಗುತ್ತದೆ. ಹೀಗೆ ‘ಮ್ಯಾಚಿಂಗ್’ ಎಂದರೆ ‘ಸಮ ಮಾಡುವುದು’ ಎಂಬ ಅರ್ಥ ಬೇರೂರಿತು. ಕನ್ನಡದ ‘ಹೊಂದಾಣಿಕೆ’ ಅದೇ ಅರ್ಥವನ್ನು ಹೊತ್ತುಕೊಂಡು ಬಂತು.

ಮೊದಲನೆಯ ಸಂಬಂಧವಾದ ಇಂಪೀಡೆನ್ಸ್‌ನ ವಿಷಯದಲ್ಲಿ ಹೆಡ್‌ಫೋನ್‌ನ ಲೆಕ್ಕ ಇದಕ್ಕೆ ವಿರುದ್ಧವಾದುದು. ಇಲ್ಲಿ ಆಂಪ್ಲಿಫೈಯರ್‌ನ ಒಳಗಿನ ಇಂಪೀಡೆನ್ಸ್ ಹೆಡ್‌ಫೋನ್‌ನದರ ಎಂಟನೇ ಒಂದು ಪಾಲನ್ನು ಮೀರಬಾರದು ಎಂಬುದು ಬಳಕೆಯಲ್ಲಿರುವ ಸೂತ್ರ. ಅಂದರೆ 32 ಓಮಿನ ಹೆಡ್‌ಫೋನ್‌ಗೆ 4 ಓಮ್ ಅಥವಾ ಅದಕ್ಕಿಂತ ಕಡಿಮೆ ಇರುವ ಆಂಪ್ಲಿಫೈಯರ್ ಬೇಕು. ಅಂಗಡಿಯ ಮಾತಿನಂತೆ 32ಕ್ಕೆ 32 ಜೋಡಿಸಿದರೆ ವೋಲ್ಟೇಜಿನ ಅರ್ಧ ಭಾಗ ಆಂಪ್ಲಿಫೈಯರ್‌ನೊಳಗೇ ಕಳೆದುಹೋಗಿ, ಸದ್ದು 6 ಡೆಸಿಬಲ್ ಇಳಿಯುತ್ತದೆ. ಇಷ್ಟೇ ಆಗಿದ್ದರೆ ವಾಲ್ಯೂಮ್ ಏರಿಸಿ ಸರಿಪಡಿಸಬಹುದಿತ್ತು. ಹೆಡ್‌ಫೋನ್‌ನ ಇಂಪೀಡೆನ್ಸ್ ಮಂದ್ರದಿಂದ ತಾರದವರೆಗೆ ಒಂದೇ ಆಗಿರುವುದಿಲ್ಲ ಎಂಬುದೇ ನಿಜವಾದ ತೊಂದರೆ. ಕಿವಿಯೊಳಗೆ ಕೂರುವ, ಹಲವು ಡ್ರೈವರ್‌ಗಳಿರುವ (ಸದ್ದು ಹೊರಡಿಸುವ ಪುಟ್ಟ ಭಾಗಗಳಿರುವ) ಒಂದು ಇಯರ್‌ಫೋನ್‌ನ ಇಂಪೀಡೆನ್ಸ್ ಸ್ವರದ ಎತ್ತರಕ್ಕೆ ಅನುಗುಣವಾಗಿ 10 ಓಮಿನಿಂದ 40 ಓಮಿನವರೆಗೆ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ. 32 ಓಮಿನ ಆಂಪ್ಲಿಫೈಯರ್‌ಗೆ ಅದನ್ನು ಜೋಡಿಸಿದರೆ ಒಂದು ಸ್ವರಕ್ಕೂ ಇನ್ನೊಂದಕ್ಕೂ 7 ಡೆಸಿಬಲ್‌ಗಿಂತ ಹೆಚ್ಚಿನ ಏರುಪೇರು ಉಂಟಾಗುತ್ತದೆ. 1 ಓಮಿನ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಆ ಏರುಪೇರು ಸುಮಾರು 0.6 ಡೆಸಿಬಲ್ ಮಾತ್ರ. ಎರಡನೆಯದು ಕಿವಿಗೆ ತಿಳಿಯುವುದೇ ಕಷ್ಟ, ಮೊದಲನೆಯದರಲ್ಲಿ ಹಾಡಿನ ಬಣ್ಣವೇ ಬದಲಾಗುತ್ತದೆ. ಸಮವಲ್ಲದಿರುವುದೇ ಸರಿಯಾದ ಜೋಡಿ ಎನಿಸಿಕೊಳ್ಳುವ ಈ ಸಂಬಂಧವನ್ನು ‘ಹೊಂದಾಣಿಕೆ’ ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ‘ಎಂಟರ ಅಂತರ’ ಎಂದು ಬರೆದು ನೋಡಿದೆ. ಅರ್ಥ ಸ್ಪಷ್ಟವಾಗುತ್ತದೆ, ಆದರೆ ಅದು ಪದವಾಗದೆ ವಿವರಣೆಯಾಗಿಯೇ ಉಳಿಯುತ್ತದೆ.

ಎರಡನೆಯ ಸಂಬಂಧ, ಸದ್ದು ಸಾಕಾಗುತ್ತದೆಯೇ ಎಂಬುದು. ನಮ್ಮ ಕಡೆ “ಆವಾಜು ಸಾಲಂಗಿಲ್ಲ” ಎಂದು ಸಹಜವಾಗಿಯೇ ಹೇಳುತ್ತೇವೆ. ಆದ್ದರಿಂದ ಇದಕ್ಕೆ ‘ಸಾಲುವಿಕೆ’ ಎನ್ನಬಹುದೇನೋ. 1 ವೋಲ್ಟ್ ಕೊಡುವ ಪ್ಲೇಯರ್ 32 ಓಮಿನ ಹೆಡ್‌ಫೋನ್‌ಗೆ ಸುಮಾರು 31 ಮಿಲಿವ್ಯಾಟ್ ಒದಗಿಸಿದರೆ, 300 ಓಮಿನ ಹೆಡ್‌ಫೋನ್‌ಗೆ ಅದೇ ವೋಲ್ಟೇಜಿನಲ್ಲಿ ಸಿಗುವುದು 3.3 ಮಿಲಿವ್ಯಾಟ್ ಮಾತ್ರ. ಇದರ ಜೊತೆಗೆ, ಕೊಟ್ಟ ವಿದ್ಯುತ್ತಿಗೆ ಹೆಡ್‌ಫೋನ್ ಎಷ್ಟು ಸದ್ದು ಮಾಡುತ್ತದೆ ಎಂದು ಹೇಳುವ ‘ಸೆನ್ಸಿಟಿವಿಟಿ’ ಎಂಬ ಅಂಕಿಯನ್ನು ಕೆಲವು ಕಂಪನಿಗಳು ಒಂದು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಎಂದೂ, ಕೆಲವು ಒಂದು ವೋಲ್ಟ್‌ಗೆ ಇಷ್ಟು ಎಂದೂ ಮುದ್ರಿಸುತ್ತವೆ. 32 ಓಮಿನ ಹೆಡ್‌ಫೋನ್‌ನಲ್ಲಿ ಈ ಎರಡು ಅಳತೆಗಳ ನಡುವೆ 15 ಡೆಸಿಬಲ್ ವ್ಯತ್ಯಾಸವಿರುವುದರಿಂದ, ಪೆಟ್ಟಿಗೆಯ ಮೇಲೆ ಎರಡರಲ್ಲಿಯೂ 100 ಎಂದೇ ಬರೆದಿದ್ದರೂ ಎರಡೂ ಒಂದೇ ಅಲ್ಲ. ಸೆನ್ಸಿಟಿವಿಟಿಗೆ ‘ಸಂವೇದನೆ’ ಎಂಬ ಪದ ವೈದ್ಯಕೀಯದ ಛಾಯೆ ತರುತ್ತದೆ ಎಂದು ನನಗೆ ತೋರುತ್ತದೆ, ‘ಸೂಕ್ಷ್ಮತೆ’ ವಾಸಿ.

ಅತಿ ಸೂಕ್ಷ್ಮ ಇಯರ್‌ಫೋನ್‌ಗಳಿಗೆ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿರುವ ಆಂಪ್ಲಿಫೈಯರ್ ಕೂಡಿಸಿದರೆ ಸಾಲದಿರುವ ಪ್ರಶ್ನೆ ಏಳುವುದಿಲ್ಲ. ಬದಲಿಗೆ ‘ಸುಂಯ್’ ಎಂಬ ಸದ್ದು ಕೇಳತೊಡಗುತ್ತದೆ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹಳೆಯ ಧ್ವನಿಮುದ್ರಣಗಳನ್ನು ಕೇಳುವ ನಮ್ಮ ಗೆಳೆಯರಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಟೇಪಿನಲ್ಲಿಯೇ ಇರುವ ಸುಂಯ್‌ಗುಟ್ಟುವಿಕೆ ಬೇರೆ, ಆಂಪ್ಲಿಫೈಯರ್ ಸೇರಿಸುವುದು ಬೇರೆ. ಹಾಡನ್ನು ನಿಲ್ಲಿಸಿದಾಗ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಉಳಿಯುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳುವ ಪದಗಳು ಯಾರ ಬಳಕೆಯಲ್ಲಾದರೂ ಇವೆಯೇ?

ಮೂರನೆಯದು ರುಚಿಯ ಮಾತು. ಈ ಹೆಡ್‌ಫೋನ್‌ಗೆ ಆ ಆಂಪ್ಲಿಫೈಯರ್ ‘ಚೆನ್ನಾಗಿ ಕೂಡಿಬರುತ್ತದೆ’ ಎಂದು ಕೇಳುಗರು ಹೇಳುವುದುಂಟು. ಇದಕ್ಕೆ ‘ಮೇಳ’ ಎಂಬ ಪದ ಸಾಕು, ಹೊಸದನ್ನು ಹುಡುಕಬೇಕಿಲ್ಲ. ಅಂದಹಾಗೆ, ಮೇಳ ಎಂದು ಹೊಗಳುವ ಎಷ್ಟೋ ಸಂದರ್ಭಗಳಲ್ಲಿ ಇರುವುದು ಹೆಚ್ಚಿನ ಔಟ್‌ಪುಟ್ ಇಂಪೀಡೆನ್ಸ್‌ನಿಂದ ಉಬ್ಬಿದ ಮಂದ್ರಸ್ವರವಷ್ಟೇ ಎಂಬುದು ನನ್ನ ಗುಮಾನಿ.

‘ಆಂಪ್ಲಿಫೈಯರ್’ ಪದವನ್ನು ಹಾಗೆಯೇ ಉಳಿಸಿಕೊಂಡಿರುವುದಕ್ಕೂ ಕಾರಣವಿದೆ. ಭೌತಶಾಸ್ತ್ರದ ‘ವರ್ಧಕ’ ಸರಿಯಾದ ಪದವೇ. ಆದರೆ ರಾತ್ರಿ 10ರ ನಂತರ ‘ಧ್ವನಿವರ್ಧಕ’ ಬಳಸಬಾರದೆಂಬ ನಿಯಮವನ್ನು ಪತ್ರಿಕೆಗಳಲ್ಲಿ ಓದಿ ಬೆಳೆದ ನಮಗೆ ಆ ಪದ ಕೇಳಿದೊಡನೆ ಕಣ್ಣ ಮುಂದೆ ಬರುವುದು ಲೌಡ್‌ಸ್ಪೀಕರ್. ‘ಕಿಸೆಯ ಧ್ವನಿವರ್ಧಕ’ ಎಂದರೆ ಓದುಗರು ಕಿಸೆಯಲ್ಲಿ ಸ್ಪೀಕರ್ ಇಟ್ಟುಕೊಂಡವರನ್ನು ಊಹಿಸಿಕೊಳ್ಳುತ್ತಾರೆ. ‘ಪೋರ್ಟಬಲ್’ ಎಂಬುದಕ್ಕೆ ಮಾತ್ರ ನಮ್ಮ ಕಡೆಯ ‘ಕಿಸೆ’ ಚೆನ್ನಾಗಿ ಒಗ್ಗಿದೆ. ಹಳೆ ಮೈಸೂರಿನ ಓದುಗರಿಗೆ ಅದು ಜೇಬು ಎಂದು ಕೂಡಲೇ ತಿಳಿಯುತ್ತದೆ ಎಂದು ಭಾವಿಸಿದ್ದೇನೆ. ತೊಡಕೆನಿಸಿದರೆ ಅದನ್ನೂ ತಿಳಿಸಬಹುದು.

ಒಟ್ಟಿನಲ್ಲಿ ನಾನು ಮುಖ್ಯವಾಗಿ ಕೇಳುತ್ತಿರುವುದು ಮೊದಲನೆಯ ಸಂಬಂಧಕ್ಕೆ ತಕ್ಕ ಹೆಸರನ್ನು. ಒಂದು ಕಡೆಯದು ಬಹಳ ಕಡಿಮೆ, ಇನ್ನೊಂದು ಕಡೆಯದು ಅದಕ್ಕಿಂತ ಹಲವು ಪಟ್ಟು ಹೆಚ್ಚು ಇರುವಾಗಲೇ ಕೂಡಿಕೆ ಸರಿಯಾಗುತ್ತದೆ ಎಂಬುದನ್ನು ಸೂಚಿಸುವ ಪದ ನೇಕಾರಿಕೆ, ಬಡಗಿತನ, ನೀರಾವರಿ ಮುಂತಾದ ಯಾವುದೇ ಕಸುಬಿನ ಕನ್ನಡದಲ್ಲಿ ಇದ್ದರೆ, ಅದರ ಬಳಕೆಯ ಒಂದು ವಾಕ್ಯದೊಂದಿಗೆ ತಿಳಿಸಬೇಕೆಂದು ವಿನಂತಿ. ಅಂಥ ಪದ ಸಿಗದಿದ್ದರೆ ಕೈಪಿಡಿಯಲ್ಲಿ ‘ಇಂಪೀಡೆನ್ಸ್ ಅಂತರ’ ಎಂದೇ ಬರೆಯಲಿದ್ದೇನೆ.