ಓಲ್ಡ್ ಟ್ರಾಫರ್ಡ್ ಬಿಡೋದೋ ಬ್ಯಾಡೋ: ನಮ್ಮ ಮನಿ ಗುಂಪಿನ್ಯಾಗ ನಡದ ವಾದ

ಪ್ರವೀಣ: ಎಲ್ಲಾರೂ ಈ ವಿಡಿಯೋ ನೋಡ್ರಿ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಹೊಸಾ ಸ್ಟೇಡಿಯಂ ಹೆಂಗಿರತೈತಿ ಅಂತ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್ ಕಂಪನಿಯವ್ರು 2025ರ ಮಾರ್ಚ್‌ದಾಗ ತೋರಿಸಿದ ಮಾಡೆಲ್. 1 ಲಕ್ಷ ಸೀಟು, ಮ್ಯಾಲೆ ಪೂರಾ ಛಾವಣಿ, ಅದಕ್ಕ ಛತ್ರಿ ಅಂತನ ಹೆಸರಿಟ್ಟಾರ, ಹಿಡಿಯಾಕ ಮೂರು ಕಂಬ, 200 ಮೀಟರ್ ಎತ್ತರದ್ದು. ನನಗಂತೂ ಮೈ ಜುಮ್ ಅಂತು

ಶಂಕರ ಕಾಕಾ: ನೋಡಿದೆ ತಮ್ಮಾ. ಸರ್ಕಸ್ ಡೇರೆ ಹಾಕಿದಂಗ ಐತಿ. ಅಲ್ಲೋ, ಇದ್ದ ಓಲ್ಡ್ ಟ್ರಾಫರ್ಡ್ ಮೈದಾನಕ್ಕ ಏನ ಧಾಡಿ ಬಂದೈತಿ ಅಂತ ಇದು?

ಪ್ರವೀಣ: ಧಾಡಿ ಏನ್ ಅಂದ್ರ ಹೇಳತೇನಿ ಕಾಕಾ. ಸೋರತೈತಿ. 2024ರ ಮೇ ತಿಂಗಳ ಆರ್ಸೆನಲ್ ಮ್ಯಾಚ್ ನೆನಪೈತೇನ್ರಿ, ಸ್ಟ್ಯಾಂಡಿನ ಮೂಲ್ಯಾಗ ಛಾವಣಿಯಿಂದ ನೀರು ಧೋ ಅಂತ ಸುರೀತು, ಜಗತ್ತೆಲ್ಲಾ ಆ ವಿಡಿಯೋ ನೋಡ್ತು. ಅದೊಂದ ದಿನದ್ದ ಅಲ್ರಿ. ಮಳಿ ಗಾಳಿ ಕೂಡಿ ಬಂದ್ರ ಮುಂದಿನ ಸಾಲಿನವ್ರು ತೊಯ್ದು ತೊಪ್ಪಿ ಆಗತಾರ. ನನ್ನ ಸೀಟಿನ್ಯಾಗ ಮೊಣಕಾಲು ಮುಂದಿನಾಂವನ ಬೆನ್ನಿಗೆ ಹತ್ತತೈತಿ, ಯಾರರ ಸಾಲಿನ್ಯಾಗ ಒಳಗ ಬರಬೇಕಂದ್ರ ಎಲ್ಲಾರೂ ಎದ್ದು ಸೀಟು ಮಡಚಿ ಹೊಟ್ಟಿ ಒಳಗ ಎಳಕೊಂಡು ನಿಂದ್ರಬೇಕು. ಸ್ಟ್ಯಾಂಡಿನ ಕೆಳಗಿನ ಓಣಿ ಹೆಂಗ ಇಕ್ಕಟ್ಟ ಅಂದ್ರ ಹಾಫ್ ಟೈಮಿಗೆ ಚಹಾಕ್ಕ ಪಾಳಿ ಹಚ್ಚಿದಾಂವ ವಾಪಸ್ ಬರೂದ್ರಾಗ ಸೆಕೆಂಡ್ ಹಾಫ್ ಶುರು ಆಗಿರತೈತಿ.

ಶಂಕರ ಕಾಕಾ: ಸೋರಿದ್ರ ಛಾವಣಿ ರಿಪೇರಿ ಮಾಡಸಬೇಕೋ, ಮನಿ ಬಿಡತಾರೇನೋ? 1910ರ ಫೆಬ್ರುವರಿದಾಗ ಮೊದಲನೇ ಮ್ಯಾಚ್ ಲಿವರ್‌ಪೂಲ್ ಮ್ಯಾಲೆ ಆಡಿದ ಜಾಗಾ ಅದು. 1941ರ ಮಾರ್ಚ್ 11ಕ್ಕ ಜರ್ಮನ್ ಬಾಂಬ್ ಬಿದ್ದು ಸ್ಟ್ಯಾಂಡ್ ಸುಟ್ಟು ಹೋತು, ಅವಾಗೂ ಬಿಡಲಿಲ್ಲ. ಅದ ಊರಿನ ಇನ್ನೊಂದ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯವರ ಮೇನ್ ರೋಡ್ ಮೈದಾನ ಬಾಡಿಗಿ ತಗೊಂಡು ಆಡಿ 1949ರಾಗ ವಾಪಸ್ ಬಂದ್ರು. ಮತ್ತ ಈ ಹೊಸಾ ಮಾಡೆಲ್ ತೋರಿಸಿದ್ದು ಯಾವಾಗ? 2025ರ ಮಾರ್ಚ್ 11. ಅದ ತಾರೀಖು. ಬಾಂಬ್ ಬಿದ್ದಾಗ ಬಿಡದ ಜಾಗಾ ಈಗ ನೀರ ಸೋರಿತು ಅಂತ ಬಿಡಬೇಕಂದ್ರ ನನಗ ಒಪ್ಪಿಗಿ ಇಲ್ಲ

ಬಸು ಮಾಮಾ: ಅಣ್ಣಾರ, ನಿಮ್ಮ ಮಾತಿಗೆ ಅಡ್ಡ ಬರತೇನಿ ಅಂತ ತಿಳೀಬ್ಯಾಡ್ರಿ. ರಿಪೇರಿ ಅನ್ನೋದು ಹೇಳಿದಷ್ಟ ಸಸಾರ ಇಲ್ಲ. ಆ ಬಾಬಿ ಚಾರ್ಲ್ಟನ್ ಸ್ಟ್ಯಾಂಡ್ ನೋಡ್ರಿ, ಉಳಿದ ಮೂರೂ ಕಡೆ ಎತ್ತರ ಐತಿ, ಅದೊಂದ ಗಿಡ್ಡ. ಯಾಕ? ಅದರ ಬೆನ್ನಿಗೆ ರೈಲ್ವೆ ಲೈನ್ ಐತಿ. ಹಿಂದಕ್ಕ ಜಾಗಾ ಇಲ್ಲ. ಅಲ್ಲಿ ಎತ್ತರ ಮಾಡಬೇಕಂದ್ರ ಹಳಿ ಮ್ಯಾಲಿಂದ ಸ್ಲ್ಯಾಬ್ ದಾಟಿಸಬೇಕು, ಅದಕ್ಕ ರೈಲ್ವೆ ಪರವಾನಿಗಿ, ರಾತ್ರಿ ಹೊತ್ತ ಅಷ್ಟ ಕೆಲಸಾ, ಇವನ್ನೆಲ್ಲಾ ನಿಮಗ ನಾ ಹೇಳಬೇಕೇನ್ರಿ, ನೀವ ಇಡೀ ಸರ್ವಿಸ್ ರೈಲ್ವೇದಾಗ ಮಾಡಿದವ್ರು.

ಶಂಕರ ಕಾಕಾ: ಅದು ಖರೇ ಬಸವರಾಜ. ಚಾಲೂ ಲೈನ್ ಮ್ಯಾಲೆ ಕೆಲಸಾ ಅಂದ್ರ ಗಾಡಿ ನಿಲ್ಲಿಸಿ ಕೆಲಸಕ್ಕ ಬಿಡೋ ಬ್ಲಾಕ್ ಸಿಗೂದ ಕಷ್ಟ. ಆದ್ರ ಲಿವರ್‌ಪೂಲ್‌ನವ್ರು ಮಾಡಲಿಲ್ಲೇನು? ಬಾಜೂಕಿನ ಪಾರ್ಕಿನ್ಯಾಗ ಹೊಸಾದ ಕಟ್ಟತೇವಿ ಅಂತ ವರ್ಷಗಟ್ಟಲೆ ಹೇಳಿ, ಆಮ್ಯಾಲೆ ಬಿಟ್ಟು, ಆನ್‌ಫೀಲ್ಡ್‌ನ ದೊಡ್ಡದ ಮಾಡಿದ್ರು. 2016ರಾಗ ಮೇನ್ ಸ್ಟ್ಯಾಂಡ್ ಏರಿಸಿದ್ರು, ಆಮ್ಯಾಲೆ ಆನ್‌ಫೀಲ್ಡ್ ರೋಡ್ ಕಡೇದ್ದು. ಈಗ 61 ಸಾವಿರ. ಮೈದಾನ ಅದ, ಮಂದಿ ಅವರ, ಹಾಡು ಅದ.

ಬಸು ಮಾಮಾ: ಅವರಿಗೆ ಹಿಂದ ಜಾಗಾ ಇತ್ತು ಅಣ್ಣಾರ, ಮನಿಗೋಳ ತಗೊಂಡು ಖಾಲಿ ಮಾಡಿಸಿದ್ರು. ಹಂಗಾಗಿ ಹಳೇ ಸ್ಟ್ಯಾಂಡಿನ ಬೆನ್ನಿಗೆ ಹೊಸಾದು ಎಬ್ಬಿಸಿ, ಮ್ಯಾಚ್ ಬಂದ್ ಮಾಡದನ ಮುಗಿಸಿದ್ರು. ಹಂಗಿದ್ದೂ ಎರಡನೇ ಸ್ಟ್ಯಾಂಡಿಗೆ ನಡುವ ಕಾಂಟ್ರಾಕ್ಟರ್ ದಿವಾಳಿ ಆಗಿ ಕೆಲಸಾ ನಿಂತಿತ್ತು. ಯುನೈಟೆಡ್ ಕೇಸಿನ್ಯಾಗ ಬಾಜೂಕಿನ ಬಯಲಿನ್ಯಾಗ ಹೊಸಾದ ಕಟ್ಟಿ, ಅಲ್ಲೀತನಾ ಹಳೇದ್ರಾಗ ಆಡೋದ ಛಲೋ ಅಂತ ನನಗ ಅನಸತೈತಿ. ಸ್ಪೇನಿನ ಬಿಲ್ಬಾವೊದವ್ರು ಹಂಗ ಮಾಡಿದ್ರಲ್ರಿ. ಹೊಸಾ ಸಾನ್ ಮಾಮೆಸ್ ಹಳೇದ್ರ ಮಗ್ಗಲಕ್ಕ ಎದ್ದಿತು, 2013ರಾಗ ಮೂರು ಕಡೆ ಅಷ್ಟ ಮುಗಿದಾಗನ ಆಟಾ ಶುರು ಮಾಡಿದ್ರು, ಹಳೇದನ್ನ ಕೆಡವಿ ನಾಲ್ಕನೇ ಕಡೆ ಮುಗಿಸಿದ್ರು. ಅದ ಓಣಿ, ಅದ ಅಂಗಡಿ, ಮಂದಿ ನಡಕೊಂಡ ಬರೋ ದಾರೀನೂ ಅದ.

ವಿದ್ಯಾ: ಸಾನ್ ಮಾಮೆಸ್ ಹೆಸರ ತಗೀಬ್ಯಾಡ್ರಿ ಮಾಮಾ, 2025ರ ಯುರೋಪಾ ಫೈನಲ್ ನಾವು ಟಾಟನ್‌ಹ್ಯಾಮ್ ಕೈಯಾಗ ಸೋತಿದ್ದು ಅಲ್ಲೇ. ಇನ್ನೂ ಹೊಟ್ಟಿ ಉರೀತೈತಿ

ಪ್ರವೀಣ: ಹೌದಕ್ಕ. ಆದ್ರ ಸ್ಟೇಡಿಯಂ ಏನ ಕಂಡಿತ್ತು ಅವತ್ತ. ಮಾಮಾ ಹೇಳಿದ್ದ ಪ್ಲಾನ್ ಇಲ್ಲೂ ಐತಿ. 160 ಭಾಗ ಬ್ಯಾರೆ ಕಡೆ ತಯಾರ ಮಾಡಿ ಮ್ಯಾಂಚೆಸ್ಟರ್ ಶಿಪ್ ಕೆನಾಲ್ ಮ್ಯಾಲೆ ತಂದು ಜೋಡಸ್ತೇವಿ, ಹತ್ತು ವರ್ಷದ ಕೆಲಸಾ ಐದು ವರ್ಷದಾಗ ಮುಗಸ್ತೇವಿ ಅಂತ ಹೇಳ್ಯಾರ

ಬಸು ಮಾಮಾ: ಐದು ವರ್ಷ ಅನ್ನೋದು ನೆಲಾ ಕೈಗೆ ಬಂದ ದಿನದಿಂದ ಎಣಸಬೇಕು. ಆ ಜಾಗಾದಾಗ ಗೂಡ್ಸ್ ಟರ್ಮಿನಲ್ ಐತಿ, ಕಂಟೇನರ್ ಇಳಸೋ ಜಾಗಾ. ಅದನ್ನ ಮೊದಲ ಬ್ಯಾರೆ ಊರಿಗೆ ಸಾಗಸಬೇಕು. ನಾನೂ ಇಲ್ಲೇ ವಿಜಯಪುರದಾಗ ಸಣ್ಣ ಪುಟ್ಟ ಬಿಲ್ಡಿಂಗ್ ಮಾಡಿಸಿದಾಂವ ಅದೀನಿ, ಡ್ರಾಯಿಂಗ್ ತಡಾ ಮಾಡಂಗಿಲ್ಲ, ಸಿಮೆಂಟ್ ತಡಾ ಮಾಡಂಗಿಲ್ಲ, ಜಾಗಾದ ಕಾಗದಪತ್ರನ ತಡಾ ಮಾಡೂದು.

ವಿದ್ಯಾ: ನೀವೆಲ್ಲಾ ಬಿಲ್ಡಿಂಗಿನ ಮಾತ ಆಡಾಕತ್ತೀರಿ, ನೋಡವರ ಕಣ್ಣಿನ ಮಾತ ಯಾರೂ ಆಡವಲ್ಲಿರಿ. ನಾ ಬೆಂಗಳೂರಾಗ ಬಿಎಫ್‌ಸಿ, ಅಂದ್ರ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಮ್ಯಾಚಿಗೆ ಹೋಗತೇನಿ. 2013ರಾಗ ಟೀಮ್ ಹುಟ್ಟಿದಾಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ್ಯಾಗ ಆಡತಿದ್ರು, ಸಣ್ಣದು, ಮಂದಿ ಹುಲ್ಲಿಗೆ ಹತ್ತಿಕೊಂಡನ ಕುಂತಂಗ. ಮೊದಲನೇ ವರ್ಷನ ಐ-ಲೀಗ್ ಗೆದ್ರು. ಆಮ್ಯಾಲೆ ಕಂಠೀರವಕ್ಕ ಹೋದ್ರು, ದೊಡ್ಡದು, ಲೈಟು ಗೀಟು ಎಲ್ಲಾ ಛಲೋ, ಆದ್ರ ಸುತ್ತ ಓಡೋ ಟ್ರ್ಯಾಕ್ ಐತಿ. ಗೋಲಿನ ಹಿಂದ ಕುಂತ್ರ ಆ ಕಡೆ ಗೋಲಿನ್ಯಾಗ ಬಾಲ್ ಒಳಗ ಹೋತೋ ನೆಟ್ಟಿಗೆ ಹೊರಗಿಂದ ಬಡೀತೋ ತಿಳಿಯಂಗಿಲ್ಲ, ಅಲ್ಲಿಯವ್ರು ಎದ್ದು ಕೂಗಿದ ಮ್ಯಾಲೆ ನಾವು ಎದ್ದ ನಿಲ್ಲೋದು. ವೆಸ್ಟ್ ಬ್ಲಾಕಿನ ಹುಡುಗೂರು ಡೋಲು ಬಡದು ಹಾಡಿ ಹಾಡಿ ಅದನ್ನ ನಮ್ಮ ಮನಿ ಮಾಡ್ಯಾರ, ಅದು ಅವರ ಗಂಟಲಿನ ಪುಣ್ಯ, ಸ್ಟೇಡಿಯಂದ್ದ ಅಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ಬಿನ ಗತಿನೂ ಇದ. 2012ರ ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂಗೆ 2016ರಾಗ ಹೋದ್ರು, ಎರಡ ವರ್ಷದಾಗ ಬರ್ನ್‌ಲಿ ಮ್ಯಾಚಿನ ನಡುವನ ಮಂದಿ ಸಿಟ್ಟಿಗೆದ್ದು ಮೈದಾನಕ್ಕ ನುಗ್ಗಿದ್ರು. 1 ಲಕ್ಷ ಸೀಟು ಅಂತ ಕುಣದಾಡೂಕಿಂತ ಮೊದಲು, ಕಟ್ಟಕಡಿಯ ಸಾಲಿನಿಂದ ಆಟಗಾರನ ಬೆನ್ನಿನ ನಂಬರ್ ಕಾಣತೈತೇನು ಅಂತ ಕೇಳು ಪ್ರವೀಣ

ಪ್ರವೀಣ: ಇದು ಫುಟ್‌ಬಾಲಿಗಂತನ ಕಟ್ಟೋದಕ್ಕ, ಟ್ರ್ಯಾಕ್ ಇರಂಗಿಲ್ಲ. ಟಾಟನ್‌ಹ್ಯಾಮ್‌ದು ನೋಡು, 62,850 ಸೀಟು, 2019ರಾಗ ಶುರು ಆತು, ಒಂದ ಕಡೆ ಸ್ಟ್ಯಾಂಡ್ ಒಂದ ಗ್ವಾಡಿ ಹಂಗ ಕಡಿದಾಗಿ ಎದ್ದೈತಿ. ಹೊಸಾದು ಅಂದಕೂಡ್ಲೇ ಎಲ್ಲಾ ವೆಸ್ಟ್ ಹ್ಯಾಮ್ ಆಗೂದಿಲ್ಲ. ಖರೇ ಹೇಳಬೇಕಂದ್ರ ಕಾಕಾ, ನೀವು ಒಮ್ಮೆ ಇಲ್ಲಿ ಬಂದು ಆ ಸೀಟಿನ್ಯಾಗ ಕುಂತಿದ್ರ ಹಿಂಗ ಅಂತಿದ್ದಿಲ್ಲ. ಟಿವಿ ಒಳಗ ಎಲ್ಲಾ ಛಂದ ಕಾಣತೈತಿ

ವಿದ್ಯಾ: ಏ ಪ್ರವೀಣ, ಹಿರಿಯರ ಜೋಡಿ ಹಂಗ ಮಾತಾಡಬ್ಯಾಡ

ಶಂಕರ ಕಾಕಾ: ಇರಲಿ ಬಿಡವಾ, ಅಂವ ಅಂದಿದ್ದು ಖರೇನ ಐತಿ, ನಾ ಅಲ್ಲಿ ಕುಂತಿಲ್ಲ. ನಾ ಬೆಳಗಾವಿ ಲೇಲೆ ಮೈದಾನದಾಗ ಆಡಿದಾಂವ. ಮಳಿಗಾಲದಾಗ ಟಿಳಕವಾಡಿಯ ಆ ಕೆಂಪ ಕೆಸರಿನ್ಯಾಗ ಬಾಲ್ ಎಲ್ಲಿ ನಿಂದ್ರತೈತಿ ಗೊತ್ತ ಆಗತಿದ್ದಿಲ್ಲ, ಸ್ಟ್ಯಾಂಡ್ ಇಲ್ಲ ಸೀಟಿಲ್ಲ, ಮಂದಿ ಕೊಡಿ ಹಿಡಕೊಂಡು ಸೈಡ್ ಲೈನಿಗೆ ಕಾಲ ಹಚ್ಚಿ ನಿಂದರತಿದ್ರು, ಥ್ರೋ ಒಗ್ಯಾಕ ಹೋದ್ರ ಸರೀರಿ ಅಂತ ಅನಬೇಕಿತ್ತು. ಆಟಾ ಆಡವರಿಗೆ ಆ ಮಂದಿ ಉಸಿರು ಕಿವಿಗೆ ಹತ್ತತಿತ್ತು. ಈಗ ರಾತ್ರಿ ಒಂದೂವರಿಗೆ ಎದ್ದು ಟಿವಿ ಹಚ್ಚತೇನಿ, ನನಗ ಅಲ್ಲಿಂದ ಬರೂದು ಎರಡ, ಚಿತ್ರ ಮತ್ತ ಧ್ವನಿ. ಚಿತ್ರ ಎಲ್ಲಿಂದರ ಬರತೈತಿ. ಧ್ವನಿ ಯಾರು ಮಾಡತಾರ? ಗೋಲಿನ ಹಿಂದಿನ ಸ್ಟ್ಯಾಂಡ್, ಸ್ಟ್ರೆಟ್‌ಫರ್ಡ್ ಎಂಡಿನ ಮಂದಿ. ಅಪ್ಪ ಹೋಗತಿದ್ದ, ಮಗಾ ಹೊಂಟಾನ, ಅಂಥಾ ಮಂದಿ. ನನಗ ಛಾವಣಿ ಬಗ್ಗೆ ತಕರಾರಿಲ್ಲೋ. ಆ ಮಂದಿ ಹೊಸಾದ್ರಾಗ ಇರತಾರೋ ಇಲ್ಲೋ, ಅದನ್ನ ನನಗ ಹೇಳು

ಶಂಕರ ಕಾಕಾ: ಯಾಕ ಕೇಳತೇನಿ ಅಂದ್ರ, ಈ ಕ್ಲಬ್ಬಿನ ಮಾಲಕರ ಲೆಕ್ಕಾಚಾರ ನಾವು ನೋಡೇವಿ. 2005ರಾಗ ಗ್ಲೇಜರ್ ಮನಿತನದವ್ರು ಸಾಲಾ ತಗದು ಕ್ಲಬ್ ಖರೀದಿ ಮಾಡಿ ಆ ಸಾಲಾನ ಕ್ಲಬ್ಬಿನ ತಲಿಮ್ಯಾಲೆ ಹೊರಿಸಿದ್ರು, ಅದಕ್ಕೂ ಮೊದಲ ಕ್ಲಬ್ಬಿಗೆ ಸಾಲಾನ ಇದ್ದಿಲ್ಲ. ಅಲ್ಲಿಂದ ಇಲ್ಲೀತನಾ ಬಡ್ಡಿ ಕಟ್ಟೂದು, ಛಾವಣಿಗೆ ರೊಕ್ಕಾ ಇಲ್ಲ ಅನ್ನೂದು. ಸೋರೂದು ಯಾಕ ಅಂದ್ರ ಇದಕ್ಕ. 2024ರ ಕಡೀಕ ಸೀಸನ್ ನಡುವನ ಟಿಕೆಟ್ 66 ಪೌಂಡ್ ಮಾಡಿದ್ರು, 40 ಇದ್ದದ್ದು, ಸಣ್ಣ ಹುಡುಗೂರಿಗೆ 25 ಇದ್ದದ್ದೂ 66, ವಯಸ್ಸಾದವರಿಗೂ 66. ಅದ ವರ್ಷ ನೂರಾರು ನೌಕರರನ್ನ ಮನಿಗೆ ಕಳಸಿದ್ರು. ಈಗ 2 ಬಿಲಿಯನ್ ಪೌಂಡ್ ಬೇಕಂತಾರ, ನಮ್ಮ ರೊಕ್ಕದಾಗ 22 ಸಾವಿರ ಕೋಟಿ ದಾಟತೈತಿ. ಅದನ್ನ ಯಾರ ಕಿಸೆದಿಂದ ತಗೀತಾರ ಹೇಳು ತಮ್ಮಾ

ಪ್ರವೀಣ: ಅಷ್ಟ ಸೀಟಿದ್ರ ಗಳಿಕೆನೂ ಜಾಸ್ತಿ ಅಲ್ರಿ ಕಾಕಾ. 74 ಸಾವಿರ ಎಲ್ಲಿ, 1 ಲಕ್ಷ ಎಲ್ಲಿ. ಸಾಲಾ ತೀರತೈತಿ

ಶಂಕರ ಕಾಕಾ: ತೀರತೈತಿ, ತೀರೂತನಾ ಟೀಮ್ ಏನಾಗತೈತಿ? ಆರ್ಸೆನಲ್ ನೋಡು. 2006ರಾಗ ಹೈಬರಿ ಬಿಟ್ಟು 60 ಸಾವಿರದ ಸ್ಟೇಡಿಯಂಗೆ ಹೋದ್ರು. 2005ರ ಎಫ್‌ಎ ಕಪ್ ಆದ ಮ್ಯಾಲೆ ಮುಂದಿನ ಕಪ್ 2014ಕ್ಕ. ನಡುವ ಫ್ಯಾಬ್ರೆಗಾಸ್ ಹೋದ, ನಾಸ್ರಿ ಹೋದ, ಕಡೀಕ ವಾನ್ ಪರ್ಸಿ ನಮ್ಮ ಕಡೆ ಬಂದ. 2013ರಾಗ ಆಸ್ಟನ್ ವಿಲ್ಲಾ ಮ್ಯಾಲೆ ಅವನ ಹ್ಯಾಟ್ರಿಕ್ಕಿನಿಂದ ನಮ್ಮ 20ನೇ ಲೀಗ್ ಪಕ್ಕಾ ಆತು, ನಾವೆಲ್ಲಾ ಮನ್ಯಾಗ ಕುಣದಾಡಿದ್ದೇವಿ. ಅವರ ಸ್ಟೇಡಿಯಂ ಸಾಲಾ ನಮಗ ಆ ಕಪ್ ಕೊಡ್ತು. ನಾಳೆ ನಮ್ಮ ಸಾಲಾ ಯಾರಿಗೆ ಕಪ್ ಕೊಡತೈತಿ?

ಬಸು ಮಾಮಾ: ಇದು ಮಾತಂದ್ರ. ನಾನೂ ಇದಕ್ಕ ಉತ್ತರಾ ಕೊಡಾಕ ಆಗಂಗಿಲ್ಲ. ಆದ್ರೂ ಜಾಗಾ ಬದಲಿ ಮಾಡೂದ ತಪ್ಪು ಅಂತ ನಾ ಅನ್ನಂಗಿಲ್ಲ ಅಣ್ಣಾರ. ಈ ಕ್ಲಬ್ ಹುಟ್ಟಿದ್ದ 1878ರಾಗ ನ್ಯೂಟನ್ ಹೀತ್ ರೈಲ್ವೆ ಡಿಪೋದಾಗ, ಬೋಗಿ ಕೆಲಸದ ಮಂದಿ ಕಟ್ಟಿದ್ದು, ನಮ್ಮ ಹುಬ್ಬಳ್ಳಿ ವರ್ಕ್‌ಶಾಪಿನವ್ರು ಒಂದ ಟೀಮ್ ಮಾಡಿದ್ರು ಅಂತ ತಿಳೀರಿ. ನಾರ್ತ್ ರೋಡ್ ಬಿಟ್ರು, ಬ್ಯಾಂಕ್ ಸ್ಟ್ರೀಟಿಗೆ ಹೋದ್ರು, ಅಲ್ಲಿ ಕಾರ್ಖಾನಿ ಹೊಗಿ ಕಾಟಾ, ಅದನ್ನೂ ಬಿಟ್ಟು ಓಲ್ಡ್ ಟ್ರಾಫರ್ಡಿಗೆ ಬಂದ್ರು. ಎರಡ ಸಲಾ ಜಾಗಾ ಬಿಟ್ಟಿದ್ದಕ್ಕ ಈ ಮೂರನೇದ್ದು ಸಿಕ್ತು.

ಶಂಕರ ಕಾಕಾ: ರೈಲ್ವೆ ಮಂದಿ ಕಟ್ಟಿದ್ದು ಅಂತನ ನನ್ನ ಹಟಾ ಬಸವರಾಜ. ಬೋಗಿ ರಿಪೇರಿ ಮಾಡಾಂವ ಶನಿವಾರ ಕೆಲಸಾ ಮುಗಿಸಿ ನೋಡಾಕ ಬರೋ ಆಟಾ ಅದು

ವಿದ್ಯಾ: ಇನ್ನೊಂದ ಮಾತ ಯಾರೂ ಕೇಳಲಿಲ್ಲ. ಹಳೇ ಮೈದಾನ ಏನ ಮಾಡತಾರ? ಹೈಬರಿ ಈಗ ಅಪಾರ್ಟ್‌ಮೆಂಟ್. ವೆಸ್ಟ್ ಹ್ಯಾಮ್‌ನ ಹಳೇ ಅಪ್ಟನ್ ಪಾರ್ಕ್ ಕೆಡವಿ ಮನಿ ಕಟ್ಯಾರ. ಎವರ್ಟನ್‌ದವ್ರು ಮಾತ್ರ ಬ್ಯಾರೆ ಮಾಡಿದ್ರು, 1892ರಿಂದ ಆಡಿದ ಗುಡಿಸನ್ ಪಾರ್ಕ್‌ನ 2025ರಾಗ ಗಂಡಸರ ಟೀಮ್ ಬಿಟ್ಟು ಬಂದರಿನ ಹೊಸಾ ಸ್ಟೇಡಿಯಂಗೆ ಹೋತು, ಗುಡಿಸನ್ ಹೆಣ್ಣಮಕ್ಕಳ ಟೀಮಿಗೆ ಕೊಟ್ರು. ಕೆಡವಲಿಲ್ಲ. ನಮ್ಮ ಯುನೈಟೆಡ್ ಹೆಣ್ಣಮಕ್ಕಳು ಈಗೂ ದೂರ ಲೀ ಊರಿಗೆ ಹೋಗಿ 12 ಸಾವಿರದ ಮೈದಾನದಾಗ ಆಡತಾರ. ಮೊದಲ ಓಲ್ಡ್ ಟ್ರಾಫರ್ಡ್ ಸಣ್ಣದ ಮಾಡಿ ಅವರಿಗೆ ಕೊಡೋ ಮಾತಿತ್ತು, ಆಮ್ಯಾಲೆ ಕೆಡವೋ ಮಾತ ಬಂತು. ನನಗ ಹೊಸಾ ಸ್ಟೇಡಿಯಂ ಮ್ಯಾಲೆ ಇರೋ ದೊಡ್ಡ ಸಿಟ್ಟು ಇದ

ಪ್ರವೀಣ: ಇದು ನನಗೂ ಒಪ್ಪಿಗಿ ಅಕ್ಕ. ಮ್ಯೂನಿಕ್ ಗಡಿಯಾರ, ಮ್ಯೂನಿಕ್ ಟನಲ್, ಇವನ್ನ ಎತ್ತಿ ಹೊಸಾ ಗ್ವಾಡಿಗೆ ಹಚ್ಚಿದ್ರ ಮುಗೀತು ಅನ್ನೋರ ಜೋಡಿ ನಾನೂ ಜಗಳಾಡತೇನಿ. 1958ರಾಗ ಮ್ಯೂನಿಕ್ ವಿಮಾನ ಅಪಘಾತದಾಗ ತೀರಿಹೋದ ನಮ್ಮ ಟೀಮಿನ ಹುಡುಗೂರು ಆ ನೆಲದ ಮ್ಯಾಲೆ ಆಡಿದವ್ರು. ಆದ್ರ ಕಾಕಾ, ಹೊಸಾದು ಬ್ಯಾಡ ಅನ್ನಾಕ ನನ್ನ ಕಡೆ ಆಗಂಗಿಲ್ಲ. ನನ್ನ ಬಾಜೂ ಸೀಟಿನ ಅಜ್ಜಾಗ ಪಾವಟಿಗಿ ಹತ್ತಾಕ ಆಗವಲ್ದು, ಲಿಫ್ಟ್ ಇಲ್ಲ, ಮಗಳು ಕೈ ಹಿಡದು ಹತ್ತಸತಾಳ, ಮ್ಯಾಲೆ ಬರೂದ್ರಾಗ ದಮ್ಮ ಹತ್ತಿರತೈತಿ. ಅವರಿಗೂ ಹೊಸಾದು ಬೇಕಂತ. ಅವರೂ ಸ್ಟ್ರೆಟ್‌ಫರ್ಡ್ ಎಂಡಿನ ಮಂದಿನ

ಶಂಕರ ಕಾಕಾ: ಆ ಅಜ್ಜಾ ಹೊಸಾದ್ರಾಗ 66 ಕೊಟ್ಟು ಬರತಾರೇನು, 90 ಕೊಟ್ಟು ಬರತಾರೇನು?

ಪ್ರವೀಣ: ಅದನ್ನ ಅವರೂ ಕೇಳತಾರ್ರಿ

ಶಂಕರ ಕಾಕಾ: ಹಂಗಾರ ನನ್ನ ಮಾತು ಇಷ್ಟ. ಕಟ್ಟೂದಿದ್ರ ಕಟ್ಟಲಿ. ಪಾಯಾ ತೋಡೂಕಿಂತ ಮೊದಲ ಬರದು ಕೊಡಲಿ, ಎಷ್ಟ ಸೀಟು ಸಾದಾ ಬೆಲಿಗೆ, ಎಷ್ಟ ವರ್ಷ ಆ ಬೆಲಿ, ಹಳೇ ಸೀಸನ್ ಟಿಕೆಟ್‌ದವ್ರು ಒಟ್ಟಿಗೆ ಕುಂದರಾಕ ಎಲ್ಲಿ ಜಾಗಾ. ಗೋಲಿನ ಹಿಂದಿನ ಇಡೀ ಸ್ಟ್ಯಾಂಡ್ ಅವರಿಗೇ ಬಿಡಬೇಕು, ಕಾರ್ಪೊರೇಟ್ ಬಾಕ್ಸ್ ಅಲ್ಲಿ ಒಂದೂ ಬರಬಾರದು. ಕಟ್ಟಿದ ಮ್ಯಾಲೆ ಕೇಳಿದ್ರ ಯಾವ ಮಾಲಕನೂ ಕೊಡಂಗಿಲ್ಲ, ಈಗ ಅವರಿಗೆ ನಿಮ್ಮ ಹೂಂ ಬೇಕಾಗೈತಿ, ಈಗ ಕೇಳ್ರಿ

ಬಸು ಮಾಮಾ: ಕರೆಕ್ಟ್. ಅಗ್ರಿಮೆಂಟ್ ಮೊದಲ, ಅಡ್ವಾನ್ಸ್ ಆಮ್ಯಾಲೆ

ಪ್ರವೀಣ: ಅಭಿಮಾನಿಗಳ ಸಂಘ ಸಪೋರ್ಟರ್ಸ್ ಟ್ರಸ್ಟಿಗೆ ನಾ ಮೆಂಬರ್ ಅದೀನಿ, ಮೇಲ್ ಹಾಕತೇನಿ. ಬೆಲಿ, ಗೋಲಿನ ಹಿಂದಿನ ಸ್ಟ್ಯಾಂಡ್, ಹೆಣ್ಣಮಕ್ಕಳ ಟೀಮ್, ಮೂರೂ ಬರೀತೇನಿ. ರಾತ್ರಿ ಡ್ರಾಫ್ಟ್ ಇಲ್ಲೇ ಹಾಕತೇನಿ, ನೋಡ್ರಿ

ವಿದ್ಯಾ: ಕಟ್ಟಕಡಿಯ ಸಾಲಿನಿಂದ ಹುಲ್ಲಿಗೆ ಎಷ್ಟ ದೂರ ಅಂತನೂ ಕೇಳು

ಶಂಕರ ಕಾಕಾ: ಹಾಕು. ಬೆಲಿ ವಿಷಯ ಎಲ್ಲಾಕ್ಕಿಂತ ಮ್ಯಾಲೆ ಇರಲಿ ತಮ್ಮಾ, ಕಡೀಕ ಹಾಕಿದ್ರ ಅಲ್ಲೀತನಾ ಯಾರೂ ಓದಂಗಿಲ್ಲ